ಗುಳಿಗೆ ಬಂತು, ಮಾತು ಬರಲಿಲ್ಲ

1956 ಎಂದೊಡನೆ ಗಡಿಭಾಗದ ನಮಗೆಲ್ಲ ನೆನಪಾಗುವುದು ಒಂದೇ ಸಂಗತಿ. ನವೆಂಬರ್ 1ರಂದು ರಾಜ್ಯಗಳ ಪುನರ್‌ವಿಂಗಡಣೆಯಾಯಿತು. ಬೆಳಗಾವಿ, ಬಿಜಾಪುರ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಹೋದವು, ಕೊಲ್ಹಾಪುರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ನಾವು ಈಚೆ, ಬೀಗರು ಆಚೆ. ಈ ಕಥೆಯನ್ನು ಹೇಳಿ ಹೇಳಿ ನಮಗೂ ಸಾಕಾಗಿದೆ, ಕೇಳಿ ಕೇಳಿ ನಿಮಗೂ ಸಾಕಾಗಿದೆ. ಇಂದು ಹೇಳಹೊರಟಿದ್ದು ಅದೇ ವರ್ಷ ದಿಲ್ಲಿಯಲ್ಲಿ ಸದ್ದಿಲ್ಲದೆ ಹುಟ್ಟಿದ ಇನ್ನೊಂದು ಸಂಗತಿಯ ಬಗ್ಗೆ. ಅದರ ಹೆಸರು ಕೇಂದ್ರ ಆರೋಗ್ಯ ಶಿಕ್ಷಣ ಬ್ಯೂರೋ.

ಹೆಸರು ಕೇಳಿದ್ದೀರಾ? ಶಿಕ್ಷಕ ಬಾಂಧವರಲ್ಲಿ ಹತ್ತು ಜನರನ್ನು ಕೇಳಿದರೆ ಒಬ್ಬರು ಹೂಂ ಎಂದಾರು. ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದ ಕೈಕೆಳಗಿನ ಸಂಸ್ಥೆಯಿದು. ರೋಗ ಬಂದಮೇಲೆ ಔಷಧ ಕೊಡುವುದು ದವಾಖಾನೆಯ ಕೆಲಸ. ರೋಗ ಬಾರದ ಹಾಗೆ ಜನರಿಗೆ ತಿಳಿಹೇಳುವುದು, ಹಾಗೆ ತಿಳಿಹೇಳುವವರಿಗೆ ತರಬೇತಿ ಕೊಡುವುದು, ಶಾಲೆಗಳಲ್ಲಿ ಆರೋಗ್ಯ ಶಿಕ್ಷಣ ಹೇಗಿರಬೇಕೆಂದು ಯೋಚಿಸುವುದು, ಭಿತ್ತಿಪತ್ರ ಪುಸ್ತಿಕೆ ತಯಾರಿಸುವುದು ಇದರ ಕೆಲಸ. ಇಂಗ್ಲಿಷಿನಲ್ಲಿ 'ಸ್ವಸ್ಥ್ ಹಿಂದ್', ಹಿಂದಿಯಲ್ಲಿ 'ಆರೋಗ್ಯ ಸಂದೇಶ' ಎಂಬ ಪತ್ರಿಕೆಗಳನ್ನು ಹೊರತಂದದ್ದೂ ಇದೇ ಬ್ಯೂರೋ. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ಆಗಿರದ ಕಾಲದಲ್ಲಿ, ಮಲೇರಿಯಾ, ಸಿಡುಬು, ಕಾಲರಾ ಊರೂರು ತಿರುಗುತ್ತಿದ್ದಾಗ, ಸೂಜಿ ಮಾತ್ರೆಯಷ್ಟೇ ಮಾತೂ ಮುಖ್ಯ ಎಂದು ಒಂದು ಸರ್ಕಾರಕ್ಕೆ ಹೊಳೆದದ್ದು ಸಣ್ಣ ಸಂಗತಿಯಲ್ಲ. ಆ ವಿಚಾರಕ್ಕೆ ನಮ್ಮದು ದೊಡ್ಡ ನಮಸ್ಕಾರ.

ಆದರೆ ಮಾತು ಎಂದರೆ ಯಾವ ಮಾತು? ಅಲ್ಲಿಂದಲೇ ನಮ್ಮ ತಕರಾರು ಶುರು.

ದಿಲ್ಲಿಯಿಂದ ಹೊರಡುವ ಆರೋಗ್ಯದ ಮಾತು ಬಹುತೇಕ ಇಂಗ್ಲಿಷು ಹಿಂದಿಗಳಲ್ಲಿ ಹೊರಡುತ್ತದೆ. ಮುಂದೆ ಆಯಾ ರಾಜ್ಯ ಅದನ್ನು ತನ್ನ ರಾಜ್ಯಭಾಷೆಗೆ ತಿರುಗಿಸಿ, ಅಚ್ಚು ಹಾಕಿಸಿ, ಜಿಲ್ಲೆ ತಾಲ್ಲೂಕುಗಳಿಗೆ ಕಳಿಸುತ್ತದೆ. ಮುಂಬಯಿ ಪುಣೆಯಲ್ಲಿ ಅದು ಮರಾಠಿಯಾಗುತ್ತದೆ, ಬೆಂಗಳೂರಿನಲ್ಲಿ ಕನ್ನಡವಾಗುತ್ತದೆ. ವ್ಯವಸ್ಥೆ ಸರಿಯಾಗಿಯೇ ಇದೆ. ಆದರೆ ಗಡಹಿಂಗ್ಲಜ ತಾಲ್ಲೂಕಿನ ಹಳ್ಳಿಯಲ್ಲಿ ಮನೆಮಾತು ಕನ್ನಡವಿದ್ದ ಒಂದು ಹುಡುಗಿ ಇದ್ದಾಳಲ್ಲ, ಅವಳಿಗೆ ಬೇಕಾದ ಕಾಗದ ಬೆಂಗಳೂರಿನಲ್ಲಿ ಅಚ್ಚಾಗಿದೆ, ಅವಳಿಗೆ ಕೊಡಬೇಕಾದ ಗುಳಿಗೆ ಮುಂಬಯಿಯಿಂದ ಬಂದಿದೆ. ಕಾಗದ ಸಂಕೇಶ್ವರದವರೆಗೆ ಬಂದು ನಿಲ್ಲುತ್ತದೆ. ಗಡಹಿಂಗ್ಲಜದಿಂದ ಸಂಕೇಶ್ವರ ಎಷ್ಟು ದೂರ? ಬಸ್ಸಿನಲ್ಲಿ ಕೂತು ಒಂದು ಚಹಾ ಕುಡಿದಷ್ಟು ಹೊತ್ತು!

ದಡಾರ-ರುಬೆಲ್ಲಾ ಲಸಿಕೆಯ ಉದಾಹರಣೆ ನೋಡಿ. 9 ತಿಂಗಳಿನಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಒಂದು ಚುಚ್ಚುಮದ್ದು, ಮೊದಲು ಹಾಕಿಸಿದ್ದರೂ ಮತ್ತೊಮ್ಮೆ, ಎಂಬುದು ರಾಷ್ಟ್ರೀಯ ಅಭಿಯಾನ. ದಡಾರ ಎಷ್ಟು ಬೇಗ ಹಬ್ಬುವ ರೋಗವೆಂದು ಶಾಲೆಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರುಬೆಲ್ಲಾ ಮಕ್ಕಳಿಗೆ ಬಂದರೆ ಅಷ್ಟೇನೂ ಕಾಡುವುದಿಲ್ಲ, ಆದರೆ ಬಸುರಿಗೆ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟುವ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು. ಇಂದು ಐದನೇ ಇಯತ್ತೆಯಲ್ಲಿರುವ ಹುಡುಗಿಗೆ ಹಾಕುವ ಸೂಜಿ ಮುಂದೆಂದೋ ಅವಳ ಹೊಟ್ಟೆಯಲ್ಲಿ ಹುಟ್ಟುವ ಕೂಸಿಗಾಗಿ. ಇದನ್ನು ತಾಯಿಯೊಬ್ಬಳಿಗೆ ಅರ್ಥಮಾಡಿಸಬೇಕಾದರೆ ಐದು ನಿಮಿಷವಾದರೂ ಅವಳ ಮಾತಿನಲ್ಲಿ ಕೂತು ಹೇಳಬೇಕು.

ಈ ಅಭಿಯಾನ ಕರ್ನಾಟಕದಲ್ಲಿ ನಡೆದದ್ದು 2017ರ ಫೆಬ್ರವರಿಯಲ್ಲಿ. ಮಹಾರಾಷ್ಟ್ರದಲ್ಲಿ ಆರಂಭವಾದದ್ದು 2018ರ ನವೆಂಬರ್ ಕೊನೆಗೆ. ನಡುವೆ 21 ತಿಂಗಳು. ಈ 21 ತಿಂಗಳಲ್ಲಿ ಗಡಿಯಾಚೆ ಏನಾಯಿತು? ಕನ್ನಡದಲ್ಲಿ ಭಿತ್ತಿಪತ್ರ, ಕರಪತ್ರ, ಪಾಲಕರಿಗೆ ಪತ್ರ ಎಲ್ಲ ತಯಾರಾಗಿ ಮುಗಿದವು. ಜೊತೆಗೆ ವಾಟ್ಸಾಪಿನಲ್ಲಿ ಗಾಳಿಸುದ್ದಿಯೂ ಹಬ್ಬಿತು. ಈ ಸೂಜಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ, ಅಲ್ಲೆಲ್ಲೋ ಮಗು ಸತ್ತಿತು ಎಂಬ ಜಾತಿಯವು. ಆಚೆಯ ಆರೋಗ್ಯ ಇಲಾಖೆ ಆ ಗಾಳಿಸುದ್ದಿಗೆ ಕನ್ನಡದಲ್ಲೇ ಉತ್ತರವನ್ನೂ ಕೊಟ್ಟಿತು.

ಈಗ ನೋಡಿ ತಮಾಷೆ. ಗಾಳಿಸುದ್ದಿಗೆ ಗಡಿಯಿಲ್ಲ, ಅದು ಬೀಗರ ಮೊಬೈಲಿನಿಂದ ಬೀಗರ ಮೊಬೈಲಿಗೆ ಕನ್ನಡದಲ್ಲೇ ಬಂದುಬಿಟ್ಟಿತ್ತು. ಉತ್ತರ ಮಾತ್ರ ಬರಲಿಲ್ಲ. ನಮ್ಮ ಕೈಗೆ ಬಂದದ್ದು ಮರಾಠಿ ಕರಪತ್ರ. ಪಾಲಕರ ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು ನಿಂತು, "ಅಕ್ಕೋರ, ನಮ್ಮ ಮಗಳ ಮಕ್ಕಳಿಗೆ ಹುಕ್ಕೇರ್ಯಾಗ ಹ್ವಾದ ವರ್ಷನ ಹಾಕ್ಯಾರ, ಏನೂ ಆಗಿಲ್ಲ. ನೀವ್ಯಾಕ ಇಷ್ಟ ತಡಾ ಮಾಡೀರಿ?" ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ಸಂಶಯದಲ್ಲಿದ್ದ ಎಷ್ಟೋ ಪಾಲಕರು ಆ ಒಂದು ಮಾತಿಗೇ ಒಪ್ಪಿದರು. ಕರಪತ್ರ ಮಾಡಬೇಕಾದ ಕೆಲಸವನ್ನು ಆ ಅಜ್ಜಿ ಮಾಡಿದರು. ಎಲ್ಲ ಊರಿಗೂ ಹುಕ್ಕೇರಿಯಲ್ಲಿ ಮಗಳಿರುವ ಅಜ್ಜಿ ಸಿಗುತ್ತಾರೆಯೇ?

ಗುಟಖಾ ವಿಷಯವೂ ಹೀಗೆಯೇ. ಮಹಾರಾಷ್ಟ್ರ 2012ರ ಜುಲೈನಲ್ಲಿ ನಿಷೇಧಿಸಿತು, ಕರ್ನಾಟಕ 2013ರ ಮೇ ಕೊನೆಗೆ. ಆ ಹತ್ತು ತಿಂಗಳು ಈಚೆ ಅಪರಾಧವಾದದ್ದು ಆಚೆ ವ್ಯಾಪಾರವಾಗಿತ್ತು. ಗಡಿಯ ಹುಡುಗರಿಗೆ ಇದಕ್ಕಿಂತ ದೊಡ್ಡ ಆರೋಗ್ಯ ಪಾಠ ಬೇಕೆ! ನಿಷೇಧದ ನಂತರವೂ ಪಾನ್ ಮಸಾಲಾ ಒಂದು ಪುಡಿಕೆ, ತಂಬಾಕು ಇನ್ನೊಂದು ಪುಡಿಕೆ ಎಂದು ಬೇರೆ ಬೇರೆ ಮಾರಿ, ಬಾಯಲ್ಲಿ ಒಂದು ಮಾಡುವ ಉಪಾಯ ಬಂತು. ತಂಬಾಕಿನ ಪಾಕೀಟಿನ ಮೇಲೆ 2009ರಿಂದ ಹಾಕುತ್ತಿರುವ ಚಿತ್ರ ಮಾತ್ರ ಭಾಷೆ ಕೇಳುವುದಿಲ್ಲ, ಅಷ್ಟರ ಮಟ್ಟಿಗೆ ಅದು ನಮಗೂ ತಲುಪಿದೆ.

ಎರಡೂ ರಾಜ್ಯಗಳು ಒಂದೇ ವರ್ಷ ಒಮ್ಮತಕ್ಕೆ ಬಂದ ಸಂದರ್ಭವೂ ಇಲ್ಲದಿಲ್ಲ. ಏಡ್ಸ್ ನಿಯಂತ್ರಣ ಸಂಸ್ಥೆಯೂ ಶಿಕ್ಷಣ ಮಂತ್ರಾಲಯವೂ ಕೂಡಿ ತಂದಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಮಹಾರಾಷ್ಟ್ರವೂ ನಿಲ್ಲಿಸಿತು, ಕರ್ನಾಟಕವೂ ನಿಲ್ಲಿಸಿತು. ಹೇಳುವುದರಲ್ಲಿ ಇಲ್ಲದ ಹೊಂದಾಣಿಕೆ ಹೇಳದಿರುವುದರಲ್ಲಿ ಎಷ್ಟು ಚೆನ್ನಾಗಿತ್ತು ನೋಡಿ.

ಇನ್ನು ಇಚಲಕರಂಜಿಗೆ ಬರೋಣ. 2012ರ ಬೇಸಿಗೆಯ ಕೊನೆ, ಮಳೆಗಾಲದ ಆರಂಭ. ಮಗ್ಗಗಳ ಊರಿಗೆ ಕಾಮಾಲೆ ಬಿತ್ತು. ಸಾವಿರಾರು ಜನ ಹಾಸಿಗೆ ಹಿಡಿದರು, ಸಾವುಗಳೂ ಆದವು. ಹೆಪಟೈಟಿಸ್-ಇ ಎಂಬ ವೈರಾಣು ಅದು. ಮಲ ಸೇರಿದ ಕುಡಿಯುವ ನೀರಿನಿಂದ ಬರುತ್ತದೆ. ಪಂಚಗಂಗಾ ನದಿಯ ಸ್ಥಿತಿ ಬಲ್ಲವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಮೇಲೆ ಕೊಲ್ಹಾಪುರ ಪಟ್ಟಣ, ದಾರಿಯುದ್ದಕ್ಕೂ ಕಾರಖಾನೆ, ಹಳ್ಳಿಗಳು, ಕೆಳಗೆ ನೀರೆತ್ತುವ ಇಚಲಕರಂಜಿ. ನದಿಯನ್ನು ಸ್ವಚ್ಛಗೊಳಿಸಬೇಕೆಂಬ ಹೋರಾಟ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಅದು ದೊಡ್ಡವರ ಕೆಲಸ, ಇನ್ನೂ ಮುಗಿಯದ ಕೆಲಸ. ನಾವು ಹೇಳುವುದು ಮನೆಯೊಳಗಿನ ಮಾತು.

ಮರಾಠಿಯಲ್ಲಿ ಈ ರೋಗಕ್ಕೆ ಕಾವೀಳ ಎನ್ನುತ್ತಾರೆ. ಪಠ್ಯಪುಸ್ತಕದ ಕನ್ನಡದಲ್ಲಿ ಕಾಮಾಲೆ. ನಮ್ಮ ಓಣಿಯ ಹೆಣ್ಣುಮಕ್ಕಳ ಬಾಯಲ್ಲಿ ಅದು ಕಾಮಣಿ. ಹೆಸರು ಮೂರು, ರೋಗ ಒಂದೇ, ಸರಿ. ಆದರೆ ಹೆಸರಿನ ಜೊತೆ ಔಷಧವೂ ಬರುತ್ತದೆ ಎಂಬುದನ್ನು ದಿಲ್ಲಿಯಲ್ಲಿ ಕೂತವರು ಮರೆಯುತ್ತಾರೆ. ಕಾವೀಳ ಎಂದರೆ ಸರಕಾರಿ ದವಾಖಾನೆ, ರಕ್ತ ತಪಾಸಣೆ. ಕಾಮಣಿ ಎಂದರೆ ಇಂಥ ಊರಿನ ಇಂಥವರು ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಕೊಡುವ ಬೇರಿನ ರಸ, ಮೂಗಿಗೆ ಬಿಡುವ ಹನಿ, ಕೆಲವು ಕಡೆ ಕೈಗೆ ಹಾಕುವ ಬರೆ. ಕಾವೀಳದ ಬಗ್ಗೆ ಎಷ್ಟೇ ಭಿತ್ತಿಪತ್ರ ಅಂಟಿಸಿದರೂ ಅದು ತನ್ನ ಮನೆಯ ಕಾಮಣಿಯ ಬಗ್ಗೆ ಎಂದು ಆ ತಾಯಿಗೆ ಅನ್ನಿಸದಿದ್ದರೆ ಅವಳು ಬೇರಿನ ರಸಕ್ಕೇ ಹೋಗುತ್ತಾಳೆ.

ಈ ರೋಗಕ್ಕೆ ನೇರ ಔಷಧವೆಂಬುದಿಲ್ಲ, ವಿಶ್ರಾಂತಿಯಿಂದ ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ. ಹಾಗಾಗಿ ಬೇರಿನ ರಸ ಕುಡಿದವರೂ ವಾಸಿಯಾಗುತ್ತಾರೆ, ಕೀರ್ತಿ ಬೇರಿಗೆ ಹೋಗುತ್ತದೆ! ಅದರಲ್ಲಿ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಬಸುರಿ ಹೆಣ್ಣುಮಗಳ ಮಾತು ಬೇರೆ. ದಿನ ತುಂಬುತ್ತ ಬಂದ ಬಸುರಿಗೆ ಹೆಪಟೈಟಿಸ್-ಇ ತಗುಲಿದರೆ ಅದು ಜೀವಕ್ಕೇ ಅಪಾಯ. ಅವಳನ್ನು ರಸ ಕುಡಿಸುತ್ತ ಮನೆಯಲ್ಲಿ ಇಟ್ಟುಕೊಳ್ಳಬಾರದು, ಕೂಡಲೇ ದೊಡ್ಡ ದವಾಖಾನೆಗೆ ಒಯ್ಯಬೇಕು. "ಬಸುರಿಗೆ ಕಾಮಣಿ ಆದರ ತಡಾ ಮಾಡಬ್ಯಾಡ್ರಿ" ಎಂಬ ಐದು ಶಬ್ದ ಆ ವರ್ಷ ಮಗ್ಗದ ಓಣಿಗಳ ಗೋಡೆಗಳ ಮೇಲೆ ಇರಬೇಕಿತ್ತು. ನೀರು ಕುದಿಸಿ ಆರಿಸಿ ಕುಡಿಯಿರಿ ಎಂಬುದನ್ನಾದರೂ ನಮ್ಮ ಮಕ್ಕಳು ಮನೆಗೆ ಒಯ್ದರು. ಬಸುರಿಯ ಮಾತನ್ನು ಎಂಟನೆಯ ಇಯತ್ತೆಯ ಹುಡುಗ ಮನೆಗೆ ಹೋಗಿ ಅತ್ತಿಗೆಗೆ ಹೇಳುತ್ತಾನೆಯೇ? ನಾಚಿಕೆ ಬಿಡುತ್ತದೆಯೇ? ಅದಕ್ಕೇ ಕಾಗದ ಬೇಕು ಎನ್ನುವುದು.

ಇಲ್ಲಿ ನಮ್ಮ ಮರಾಠಿ ಮಿತ್ರರು ಒಂದು ಪ್ರಶ್ನೆ ಕೇಳುತ್ತಾರೆ. ಪ್ರಾಮಾಣಿಕವಾದ ಪ್ರಶ್ನೆ, ಕುಹಕದ್ದಲ್ಲ. "ಗುರುಜಿ, ನಿಮ್ಮ ಮಕ್ಕಳು ಮರಾಠಿ ಚೆನ್ನಾಗಿಯೇ ಮಾತಾಡುತ್ತಾರಲ್ಲ, ಪೇಟೆಯಲ್ಲಿ ಬಸ್ಸಿನಲ್ಲಿ ಅವರಿಗೇನು ತೊಂದರೆ?" ಎಂದು. ನಿಜ. ನಮ್ಮ ಮಕ್ಕಳು ಮರಾಠಿ ಆಡುತ್ತಾರೆ, ಓದುತ್ತಾರೆ, ಶಾಲೆಯಲ್ಲಿ ಕಲಿಯುತ್ತಾರೆ. ಮರಾಠಿ ನಮಗೆ ಅನ್ನ ಕೊಡುವ ಭಾಷೆ, ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಮನೆಯಲ್ಲಿ ಔಷಧ ಕೊಡುವವರು ಮಕ್ಕಳಲ್ಲ. ಕೊಡುವವಳು ಅವ್ವ, ನಿರ್ಧಾರ ಮಾಡುವವಳು ಅಜ್ಜಿ. ಆ ಅಜ್ಜಿ ರಾಯಬಾಗದಿಂದಲೋ ಚಿಕ್ಕೋಡಿಯಿಂದಲೋ ಸೊಸೆಯಾಗಿ ಬಂದವಳು. ಸಂತೆಯ ಮರಾಠಿ ಅವಳಿಗೆ ಬರುತ್ತದೆ, ಕಾಗದದ ಮರಾಠಿ ಬರುವುದಿಲ್ಲ. ಕೊಲ್ಹಾಪುರದ ಸಿಪಿಆರ್ ದವಾಖಾನೆಯ ಪಡಸಾಲೆಯಲ್ಲಿ ಒಂದು ತಾಸು ಕೂತು ನೋಡಿ, ಎಷ್ಟು ಕನ್ನಡ ಕಿವಿಗೆ ಬೀಳುತ್ತದೆ! ನಿಪ್ಪಾಣಿ, ಚಿಕ್ಕೋಡಿ ಕಡೆಯವರೂ ಅಲ್ಲಿಗೇ ಬರುತ್ತಾರೆ. ಕಾಯಿಲೆಗೆ ಯಾವ ರಾಜ್ಯವೆಂಬುದು ಗೊತ್ತಿಲ್ಲ, ಹತ್ತಿರದ ದವಾಖಾನೆ ಯಾವುದೆಂದು ಮಾತ್ರ ಗೊತ್ತು.

ಕಾಗದದ ಮರಾಠಿ ಎಂದೆವಲ್ಲ, ಅದಕ್ಕೊಂದು ಉದಾಹರಣೆ. ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಗುಳಿಗೆ ಕೊಡುವ ಕಾರ್ಯಕ್ರಮ ನಿಮಗೆಲ್ಲ ಗೊತ್ತು. 2012-13ರಿಂದ ಬಂದದ್ದು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟಿದೆಯೆಂಬುದು ಬೆಳಗಿನ ಪ್ರಾರ್ಥನೆಗೆ ನಿಂತಾಗಲೇ ಕಾಣುತ್ತದೆ, ಒಬ್ಬಳಾದರೂ ಕುಸಿದು ಕೂಡುತ್ತಾಳೆ. ಗುಳಿಗೆಯನ್ನು 'ಉಪಾಶೀ ಪೋಟೀ' ತೆಗೆದುಕೊಳ್ಳಬಾರದು ಎಂದು ಮರಾಠಿ ಸೂಚನೆಯಲ್ಲಿ ಹೇಳುವುದುಂಟು. ಬರಿಹೊಟ್ಟೆಯಲ್ಲಿ ಬೇಡ ಎಂದರ್ಥ. ಉಪಾಶಿ ಎಂದರೆ ನಮ್ಮ ಅಜ್ಜಿಯರಿಗೆ ಉಪವಾಸ, ದೇವರ ಹೆಸರಿನ ಉಪವಾಸ. ಗುಳಿಗೆಯ ದಿನವೋ ಸೋಮವಾರ! ಸೋಮವಾರ ಒಪ್ಪತ್ತು ಹಿಡಿಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಒಪ್ಪತ್ತು ಇದ್ದವಳು ಗುಳಿಗೆ ಬಿಡಬೇಕು, ಒಪ್ಪತ್ತು ಇಲ್ಲದವಳು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರೂ ನುಂಗಬಹುದು ಎಂದು ಅರ್ಥಮಾಡಿಕೊಂಡರೆ ಅವರ ತಪ್ಪೇನಿದೆ? ಬರಿಹೊಟ್ಟೆಯಲ್ಲಿ ನುಂಗಿದ ಹುಡುಗಿಗೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ಮರುದಿನ ಮಲ ಕಪ್ಪಗಾಗುತ್ತದೆ. ಅದು ಕಬ್ಬಿಣದ ಗುಣ, ಹೆದರಬೇಕಿಲ್ಲ ಎಂದು ಮೊದಲೇ ಹೇಳಿರದಿದ್ದರೆ ಮುಂದಿನ ವಾರ ಆ ಗುಳಿಗೆ ಶಾಲೆಯ ಕಿಟಕಿಯಿಂದ ಹೊರಗೆ ಬೀಳುತ್ತದೆ. ನಾವು ಮಾಡಿದ್ದು ಇಷ್ಟೇ. ಗುಳಿಗೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟೆವು, ಒಪ್ಪತ್ತು ಇರುವವರಿಗೆ ಮಂಗಳವಾರ ಕೊಟ್ಟೆವು. ಇಂಥ ಸಣ್ಣ ಸಂಗತಿ ದಿಲ್ಲಿಯ ಕಾಗದದಲ್ಲಿ ಇರಲು ಸಾಧ್ಯವಿಲ್ಲ. ಇರಬೇಕೆಂದು ನಾವು ಕೇಳುವುದೂ ಇಲ್ಲ. ಬರಿಹೊಟ್ಟೆ ಎಂಬ ಒಂದು ಶಬ್ದ ಇದ್ದರೆ ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಮಹಾರಾಷ್ಟ್ರ ಸರಕಾರಕ್ಕೆ ಕನ್ನಡದಲ್ಲಿ ಅಚ್ಚು ಹಾಕಲು ಬರುವುದಿಲ್ಲವೇ? ಬರುತ್ತದೆ, ಚೆನ್ನಾಗಿಯೇ ಬರುತ್ತದೆ. 1967ರಲ್ಲಿ ಪುಣೆಯಲ್ಲಿ ಆರಂಭವಾದ ಬಾಲಭಾರತಿ ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗುಗಳ ಜೊತೆ ಕನ್ನಡದಲ್ಲೂ ಪಠ್ಯಪುಸ್ತಕ ಕೊಡುತ್ತ ಬಂದಿದೆ. ನಮ್ಮ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ರೋಗಗಳ ಪಾಠ ಕನ್ನಡದಲ್ಲಿದೆ, ನೀರಿನಿಂದ ಹರಡುವ ರೋಗಗಳ ಹೆಸರು ಕನ್ನಡದಲ್ಲಿದೆ. ಪರೀಕ್ಷೆಗೆ ಬೇಕಾದ ಕಾಮಾಲೆ ಕನ್ನಡದಲ್ಲಿ ಸಿಗುತ್ತದೆ, ನಿಜವಾದ ಕಾಮಾಲೆ ಬಂದಾಗ ಬರುವ ಕಾಗದ ಮಾತ್ರ ಕನ್ನಡದಲ್ಲಿ ಇರುವುದಿಲ್ಲ. ಶಿಕ್ಷಣ ಖಾತೆಗೆ ನಾವು ಕಾಣುತ್ತೇವೆ, ಆರೋಗ್ಯ ಖಾತೆಗೆ ಕಾಣುವುದಿಲ್ಲ.

ಶೇಕಡಾವಾರು ಲೆಕ್ಕ ಹೇಳುವವರಿದ್ದಾರೆ. ಒಂದು ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ರಷ್ಟಾದರೂ ಇದ್ದರೆ ಮುಖ್ಯ ಸೂಚನೆಗಳನ್ನು ಅವರ ಭಾಷೆಯಲ್ಲೂ ಪ್ರಕಟಿಸಬೇಕು ಎಂಬ ಒಪ್ಪಂದದ ಮಾತು ಹಳೆಯದು. ಸಂವಿಧಾನದ 350-ಎ ವಿಧಿ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಬಗ್ಗೆ ಹೇಳುತ್ತದೆ, ಅದು ಬಂದದ್ದೂ 1956ರಲ್ಲೇ. ಜತ್ತ, ಅಕ್ಕಲಕೋಟೆಯಂಥ ಕಡೆ ನಮ್ಮ ಜನ ಹೆಚ್ಚು, ಕೊಲ್ಹಾಪುರ ಜಿಲ್ಲೆಯಲ್ಲಿ ಕಡಿಮೆ. ಸರಕಾರಿ ಗೆಜೆಟಿನ ವಿಷಯದಲ್ಲಿ ಆ ಲೆಕ್ಕ ಇರಲಿ, ನಾವು ಜಗಳಕ್ಕೆ ಬರುವುದಿಲ್ಲ. ದಡಾರದ ವಿಷಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಓಣಿಯಲ್ಲಿ ಸೂಜಿ ಹಾಕಿಸದ ಹತ್ತು ಮನೆ ಉಳಿದರೆ ರೋಗ ಆ ಹತ್ತು ಮನೆಯನ್ನೇ ಹುಡುಕಿಕೊಂಡು ಬರುತ್ತದೆ, ಆಮೇಲೆ ಪಕ್ಕದ ಮರಾಠಿ ಮನೆಯ ಎಳೆಗೂಸಿಗೂ ಹೋಗುತ್ತದೆ.

ಫ್ರಾನ್ಸ್ ದೇಶದ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ಆರೋಗ್ಯ ಶಿಕ್ಷಣ ಮತ್ತು ರೋಗ ತಡೆಗಾಗಿಯೇ ಅಲ್ಲಿ 2002ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಮಾಡಿದ್ದರು. 2016ರಲ್ಲಿ ಅದನ್ನು ಇನ್ನೂ ದೊಡ್ಡ ಸಂಸ್ಥೆಯೊಂದರಲ್ಲಿ ವಿಲೀನಗೊಳಿಸಿದರು. ಆ ಸಂಸ್ಥೆ ವಲಸೆ ಬಂದವರಿಗಾಗಿ ಹಲವು ಭಾಷೆಗಳಲ್ಲಿ ಒಂದು ಆರೋಗ್ಯ ಪುಸ್ತಿಕೆ ಹೊರತರಲು ಕೈಜೋಡಿಸಿತು. ಅದರಲ್ಲಿ ತಮಿಳೂ ಇತ್ತು! ಪುಸ್ತಿಕೆ ದ್ವಿಭಾಷೆಯದು. ಫ್ರೆಂಚ್ ಭಾಷೆಯೂ ಇದೆ, ಬಂದವರ ಭಾಷೆಯೂ ಇದೆ. ಡಾಕ್ಟರು ತನ್ನ ಸಾಲನ್ನು ಓದುತ್ತಾನೆ, ರೋಗಿ ತನ್ನ ಸಾಲನ್ನು ಓದುತ್ತಾನೆ, ಇಬ್ಬರೂ ಒಂದೇ ಪುಟದ ಮೇಲೆ ಬೆರಳಿಡುತ್ತಾರೆ. ಫ್ರೆಂಚರು ತಮ್ಮ ಭಾಷೆಯ ಬಗ್ಗೆ ಎಷ್ಟು ಬಿಗಿ ಎಂಬುದು ಜಗತ್ತಿಗೆ ಗೊತ್ತು. ಅಂಥವರೇ ಮಾಡಿದ್ದಾರೆ. ನಾವಂತೂ ವಲಸೆ ಬಂದವರೂ ಅಲ್ಲ, ಇದ್ದಲ್ಲೇ ಇದ್ದವರು.

ನಮಗೆ ಬೇಕಾದದ್ದು ಇಂಥ ಕಾಗದವೇ. ಮೇಲೆ ಮರಾಠಿ, ಕೆಳಗೆ ಕನ್ನಡ, ಒಂದೇ ಹಾಳೆ. ಆಶಾ ತಾಯಿಗೂ ಅನುಕೂಲ, ಅಜ್ಜಿಗೂ ಅನುಕೂಲ. ಇದನ್ನು ಹೊಸದಾಗಿ ಬರೆಯುವ ಖರ್ಚೂ ಇಲ್ಲ. ಕನ್ನಡದ್ದು ಬೆಂಗಳೂರಿನಲ್ಲಿದೆ, ಮರಾಠಿಯದು ಪುಣೆಯಲ್ಲಿದೆ. ಎರಡನ್ನೂ ಕೂಡಿಸುವ ಕೈ ಬೇಕು. ಒಂದು ರಾಜ್ಯ ಇನ್ನೊಂದಕ್ಕೆ ಕೇಳಲು ಹೋದರೆ ನಡುವೆ ಗಡಿವಾದ ಎದ್ದು ನಿಲ್ಲುತ್ತದೆ, ಭಿತ್ತಿಪತ್ರವೂ ರಾಜಕೀಯವಾಗುತ್ತದೆ. ಯಾವ ರಾಜ್ಯಕ್ಕೂ ಸೇರದ, ಎಲ್ಲ ರಾಜ್ಯಗಳಿಗೂ ಸೇರಿದ ಕೈ ಎಂದರೆ ಕೇಂದ್ರದ್ದು. ಆರೋಗ್ಯ ಶಿಕ್ಷಣ ಬ್ಯೂರೋ ಎಂಬ ಹೆಸರಿನ ಹಿಂದೆ ಕೇಂದ್ರ ಎಂಬ ಶಬ್ದ ಇರುವುದು ಇಂಥದ್ದಕ್ಕೇ ಅಲ್ಲವೇ? ಕಾಸರಗೋಡಿನ ಕನ್ನಡ ಶಾಲೆಗೆ, ಸೊಲ್ಲಾಪುರದ ತೆಲುಗು ಓಣಿಗೆ, ಬೆಳಗಾವಿಯ ಮರಾಠಿ ಶಾಲೆಗೆ ಬೇಕಾದದ್ದೂ ಇದೇ. ಬೆಳಗಾವಿಯ ಮರಾಠಿ ಮಗುವಿಗೆ ಮರಾಠಿ ಕಾಗದ ಸಿಗಬೇಕೆಂದು ನಾವು ಕೇಳದಿದ್ದರೆ ನಮಗೆ ಕನ್ನಡ ಕಾಗದ ಕೇಳುವ ಬಾಯಿ ಇರುವುದಿಲ್ಲ, ಇದನ್ನು ನಮ್ಮವರೂ ನೆನಪಿಡಬೇಕು.

ಶಾಲೆಗಳಿಂದ ಆಗುವ ಕೆಲಸವೂ ಇದೆ. 2020ರ ಫೆಬ್ರವರಿಯಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು, ಒಬ್ಬ ಗಂಡು ಒಬ್ಬ ಹೆಣ್ಣು, ಆರೋಗ್ಯ ರಾಯಭಾರಿಗಳಾಗಿ ತಯಾರು ಮಾಡುವ ಯೋಜನೆಗೆ ಚಾಲನೆ ಕೊಟ್ಟರು. 11 ವಿಷಯಗಳಿವೆ. ರಾಯಭಾರಿ ಎಂಬುದು ದೊಡ್ಡ ಹೆಸರು, ಕೆಲಸ ನಾವು ಮೊದಲಿನಿಂದ ಮಾಡುತ್ತಿದ್ದದ್ದೇ. ನಮ್ಮ ಶಾಲೆಯಲ್ಲಿ ಏಳು ಎಂಟನೆಯ ಇಯತ್ತೆಯ ಮಕ್ಕಳನ್ನು ಕೂಡಿಸಿ ಗೋಡೆಗೆ ಒಂದು ತಖ್ತೆ ಮಾಡಿಸಿದ್ದೇವೆ. ಮೂರು ಕಾಲಂ: ಮರಾಠಿ ಹೆಸರು, ಪುಸ್ತಕದ ಹೆಸರು, ಮನೆಯ ಹೆಸರು. ಕಾವೀಳ, ಕಾಮಾಲೆ, ಕಾಮಣಿ ಮೊದಲ ಸಾಲು. ಮೂರನೆಯ ಕಾಲಂ ತುಂಬಲು ಮಕ್ಕಳು ಅಜ್ಜಿಯರನ್ನೇ ಕೇಳಿಕೊಂಡು ಬಂದರು. ಕೆಲವು ಹೆಸರು ನಮಗೂ ಗೊತ್ತಿರಲಿಲ್ಲ.

ಜಂತುಹುಳುವಿನ ಗುಳಿಗೆಯ ದಿನ ಫೆಬ್ರವರಿ 10 ಮತ್ತು ಆಗಸ್ಟ್ 10. ಅಲ್ಬೆಂಡಜೋಲ್ ಗುಳಿಗೆಯನ್ನು ಇಡಿಯಾಗಿ ನುಂಗಬಾರದು, ಅಗಿದು ತಿನ್ನಬೇಕು. ಆ ದಿನ ಜ್ವರ ಇದ್ದ ಮಗುವಿಗೆ ಕೊಡಬಾರದು, ಬಿಟ್ಟುಹೋದವರಿಗೆ ವಾರದ ಮೇಲೆ ಇನ್ನೊಂದು ದಿನ ಇರುತ್ತದೆ. ಹುಳು ಹೆಚ್ಚಿದ್ದ ಮಗುವಿಗೆ ಸ್ವಲ್ಪ ಹೊಟ್ಟೆನೋವು, ಓಕರಿಕೆ ಆಗಬಹುದು, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಇಷ್ಟನ್ನು ಮನೆಮಾತಿನಲ್ಲಿ ಬರೆದು ಒಂದು ಹಾಳೆ ಮಾಡಿದ್ದೇವೆ. ಮೇಲೆ ಮರಾಠಿ, ಕೆಳಗೆ ಕನ್ನಡ. ಗಡಹಿಂಗ್ಲಜ, ಇಚಲಕರಂಜಿ ಕಡೆಯ ಶಿಕ್ಷಕರು ಕೇಳಿದರೆ ಕಳಿಸುತ್ತೇವೆ. ಸಂಕೇಶ್ವರ, ಹುಕ್ಕೇರಿ, ನಿಪ್ಪಾಣಿ ಕಡೆಯ ಗುರುಗಳು ತಮ್ಮ ಶಾಲೆಗೆ ಬಂದ ಕನ್ನಡ ಭಿತ್ತಿಪತ್ರಗಳಲ್ಲಿ ಒಂದೊಂದು ಹೆಚ್ಚಿನ ಪ್ರತಿ ತೆಗೆದಿಟ್ಟರೆ, ರವಿವಾರ ಬಸ್ಸು ಹತ್ತಿ ಬಂದು ಒಯ್ಯುತ್ತೇವೆ.